ಮಿಂಟ್ ಬಳಕೆದಾರರು ಏಕೆ ಮುನಿದರು?



ವೈದ್ಯವೃತ್ತಿಯವರಾದ ನಮಗೆ ಗಣಕಯಂತ್ರದ ಬಗ್ಗೆ ಮಾತನಾಡಲು ಏನು ಅಧಿಕಾರವೆಂದು ತಾವು ಕೇಳಬಹುದು. ಅಧಿಕಾರವೇನೂ ಇಲ್ಲ, ಅಪರಾಧವಿದೆ. ರಕ್ತದೊತ್ತಡದ ಗುಳಿಗೆ ತಪ್ಪಿಸಿದ ರೋಗಿಗಳನ್ನು ಇಪ್ಪತ್ತೈದು ವರ್ಷಗಳಿಂದ ಗದರಿಸುತ್ತ ಬಂದ ನಾವು, ನಮ್ಮ ಮನೆಯ ಗಣಕ ತೋರಿಸುತ್ತಿದ್ದ ಭದ್ರತಾ ನವೀಕರಣದ ಸೂಚನೆಯನ್ನು ಏಳು ತಿಂಗಳು ಕಡೆಗಣಿಸಿದೆವು. ಊರಿನ ಬ್ಯಾಂಕಿನ ವ್ಯವಹಾರವೆಲ್ಲ ನಡೆಯುತ್ತಿದ್ದುದು ಅದರಲ್ಲಿಯೇ. "ನಿಮ್ಮ ಪೇಶೆಂಟ್ ಹೀಗೆ ಮಾಡಿದರೆ ಸುಮ್ಮನೆ ಬಿಡುತ್ತೀರಾ ಅಪ್ಪ?" ಎಂದು ಮಗ ಕೇಳಿದಾಗ ಉತ್ತರ ಹೊಳೆಯಲಿಲ್ಲ.

ಆ ಯಂತ್ರದಲ್ಲಿದ್ದುದು ಲಿನಕ್ಸ್ ಮಿಂಟ್. ಲಿನಕ್ಸ್ ಎಂಬ ತಿರುಳಿಗೆ ನೂರಾರು ಉಚಿತ ತಂತ್ರಾಂಶಗಳನ್ನು ಜೋಡಿಸಿ ಜನಸಾಮಾನ್ಯರ ಕೈಗೆ ಕೊಡುವ ತಂಡಗಳು ಹಲವಿವೆ. ಅವುಗಳಲ್ಲಿ ಮಿಂಟ್ ಒಂದು. ಕ್ಲೆಮೆಂಟ್ ಲೆಫೆಬ್ರ್ ಅವರು 2006ರಲ್ಲಿ ಇದನ್ನು ಆರಂಭಿಸಿದರು. ಇದರ ಮುಖ್ಯ ಆವೃತ್ತಿಯು ಉಬುಂಟುವನ್ನು ಆಧರಿಸಿರುವುದರಿಂದ ಬಹುಪಾಲು ಭದ್ರತಾ ತಿದ್ದುಪಡಿಗಳು ಅಲ್ಲಿಂದಲೇ ಬರುತ್ತವೆ. ತಿದ್ದುಪಡಿ ಪ್ರಕಟವಾಯಿತೆಂದರೆ ದೋಷವೂ ಪ್ರಕಟವಾಯಿತೆಂದೇ ಅರ್ಥ. ಇಂಥ ಬೀಗ ಹೀಗೆ ತೆರೆಯುತ್ತದೆಂದು ಊರಲ್ಲಿ ಡಂಗುರ ಹೊಡೆದಂತೆ! ಬೀಗ ಬದಲಿಸಿದವನು ಪಾರಾಗುತ್ತಾನೆ. ಬದಲಿಸದವನಿಗೆ ನಿನ್ನೆಗಿಂತ ಇಂದು ಅಪಾಯ ಹೆಚ್ಚು.

2021ರ ಫೆಬ್ರವರಿಯಲ್ಲಿ ಮಿಂಟ್ ತಂಡವು ತನ್ನ ಬಳಕೆದಾರರನ್ನು ಬಹಿರಂಗವಾಗಿ ಎಚ್ಚರಿಸಿತು. ಹೊಸ ಬ್ರೌಸರ್ ಬಂದ ಒಂದು ವಾರದೊಳಗೆ ಅದನ್ನು ಹಾಕಿಕೊಂಡವರು ಶೇಕಡಾ 30ರಷ್ಟು ಮಾತ್ರವೆಂದೂ, 2019ರ ಏಪ್ರಿಲ್‌ನಲ್ಲೇ ಭದ್ರತಾ ಬೆಂಬಲ ಮುಗಿದಿದ್ದ 17ನೆಯ ಸರಣಿಯನ್ನು ಶೇಕಡಾ 5ರಿಂದ 30ರಷ್ಟು ಜನ ಇನ್ನೂ ಬಳಸುತ್ತಿದ್ದಾರೆಂದೂ ಹೇಳಿತು. ಅಂದಾಜು ಇಷ್ಟು ಅಗಲವಾಗಿರುವುದಕ್ಕೆ ನಗಬೇಕಾಗಿಲ್ಲ. ಬಳಕೆದಾರರ ಮೇಲೆ ಗೂಢಚರ್ಯೆ ನಡೆಸದ ತಂಡಕ್ಕೆ ನಿಖರವಾದ ಎಣಿಕೆ ಎಲ್ಲಿಂದ ಸಿಗಬೇಕು? ಮರುತಿಂಗಳು ಅದೇ ತಂಡ, ಇನ್ನು ಮುಂದೆ ನವೀಕರಣದ ತಂತ್ರಾಂಶವು ನೆನಪಿಸುವುದಲ್ಲದೆ ಕೆಲವು ಸಂದರ್ಭಗಳಲ್ಲಿ ಒತ್ತಾಯವನ್ನೂ ಮಾಡಬಹುದೆಂದಿತು. ಆಗ ಅಸಮಾಧಾನ ಸಿಡಿಯಿತು. ವಿಂಡೋಸ್‌ನ ಬಲವಂತದ ನವೀಕರಣಕ್ಕೆ ಬೇಸತ್ತು ಇತ್ತ ಬಂದಿದ್ದವರಿಗೆ ಆ ಒಂದು ಪದವೇ ಸಾಕಾಯಿತು.

ನಮ್ಮ ಅಭಿಪ್ರಾಯದಲ್ಲಿ ಮುನಿಸಿಗೆ ಇನ್ನೂ ಹಳೆಯ ಬೇರೊಂದಿದೆ. ಇದೇ ಮಿಂಟ್, ವರ್ಷಗಳ ಕಾಲ ನವೀಕರಣಗಳಿಗೆ 1ರಿಂದ 5ರವರೆಗೆ ಅಂಕೆ ಹಚ್ಚುತ್ತಿತ್ತು. 4 ಮತ್ತು 5 ಅಪಾಯಕರ, ಯಂತ್ರ ಕೆಟ್ಟೀತು ಎಂಬ ಭಾವನೆ ಬರುವಂತೆ ಅವನ್ನು ತಾನಾಗಿ ಆರಿಸುತ್ತಿರಲಿಲ್ಲ. ಲಿನಕ್ಸ್ ತಿರುಳಿನ ಭದ್ರತಾ ತಿದ್ದುಪಡಿಗಳೂ ಆ ಗುಂಪಿನಲ್ಲೇ ಸೇರಿದ್ದವು. 2018ರಲ್ಲಿ 19ನೆಯ ಆವೃತ್ತಿ ಬಂದಾಗ, ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಿಸುವ ಟೈಮ್‌ಶಿಫ್ಟ್ ಎಂಬ ಸಾಧನವನ್ನು ನಂಬಿ, ಎಲ್ಲವನ್ನೂ ಹಾಕಿಕೊಳ್ಳಿರೆಂದು ಸಲಹೆ ಬದಲಾಯಿತು. ನಿನ್ನೆ ಪಥ್ಯವೆಂದು ಬಿಡಿಸಿದ್ದನ್ನು ಇಂದು ಉಣ್ಣೆಂದರೆ ರೋಗಿ ವೈದ್ಯನ ಮುಖ ನೋಡುವುದಿಲ್ಲವೇ? ಹಿಂದೆ ಹೆದರಿಸಿದವರೇ ಈಗ ಹೆದರಿದವರನ್ನು ಅಸಡ್ಡೆಯವರೆಂದಂತೆ ಕೇಳಿಸಿತು.

ಎಂಬಿಬಿಎಸ್ ದಿನಗಳಲ್ಲಿ ವಾರ್ಡಿನಲ್ಲಿ ಗುಳಿಗೆ ಕೊಟ್ಟು "ನುಂಗಿ" ಎಂದರೆ ಸಾಕಿತ್ತು. ರೆಸಿಡೆನ್ಸಿಗೆ ಇಲ್ಲಿ ಬಂದ ಮೇಲೆ, ಏಕೆ ನುಂಗಬೇಕು, ನುಂಗದಿದ್ದರೆ ಏನಾದೀತು ಎಂಬುದನ್ನು ಹೇಳದೆ ಹಿರಿಯ ವೈದ್ಯರು ನಮ್ಮನ್ನು ಹಾಸಿಗೆಯ ಬಳಿಯಿಂದ ಕದಲಗೊಡುತ್ತಿರಲಿಲ್ಲ. ಮಿಂಟ್ ತಂಡಕ್ಕೂ ಈ ವಿದ್ಯೆ ತಿಳಿಯದ್ದಲ್ಲ. 2016ರ ಫೆಬ್ರವರಿ 20ರಂದು ದುಷ್ಕರ್ಮಿಗಳು ಅವರ ತಾಣಕ್ಕೆ ನುಗ್ಗಿ, 17.3ನೆಯ ಆವೃತ್ತಿಯ ಜಾಗದಲ್ಲಿ ವಿಷ ಬೆರೆತ ಪ್ರತಿ ಸಿಗುವಂತೆ ಮಾಡಿದ್ದರು. ತಂಡವು ಮರುದಿನದೊಳಗೆ ಯಾವ ದಿನ ಪಡೆದ ಪ್ರತಿ ಶಂಕಾಸ್ಪದ, ಅದನ್ನು ಪರೀಕ್ಷಿಸುವುದು ಹೇಗೆ, ಸೋಂಕಿದ್ದರೆ ಮಾಡಬೇಕಾದುದೇನು ಎಂದು ಮುಚ್ಚುಮರೆಯಿಲ್ಲದೆ ತಿಳಿಸಿತು.

2021ರ ಜುಲೈನಲ್ಲಿ ಬಂದ 20.2ನೆಯ ಆವೃತ್ತಿಯಲ್ಲಿ ಆ ಒತ್ತಾಯ ಸಾಧುವಾಗಿತ್ತು. ಗಣಕ ತೆರೆದ ದಿನಗಳ ಲೆಕ್ಕದಲ್ಲಿ 7 ದಿನ ಅಥವಾ ಪಂಚಾಂಗದ ಲೆಕ್ಕದಲ್ಲಿ 15 ದಿನ ಮೀರಿದ ನವೀಕರಣವಿದ್ದರೆ ಮಾತ್ರ ಒಂದು ಸೂಚನೆ. ಬೇಡವಾದವರು ಅದನ್ನೂ ನಿಲ್ಲಿಸಬಹುದು. ಆದರೆ ಪ್ರತಿ ನವೀಕರಣದ ವಿವರ ತೆರೆದರೆ ಸಿಗುವುದು ಇಂದಿಗೂ ಸಿವಿಇ ಎಂದು ಆರಂಭವಾಗುವ ಸಂಖ್ಯೆಗಳು ಮತ್ತು ತಂತ್ರಜ್ಞರ ಪರಿಭಾಷೆ. ಔಷಧಿಯ ಡಬ್ಬಿಯೊಳಗಿನ ಮಡಿಸಿದ ಕಾಗದದಂತೆ. ಅದನ್ನು ಮಗ ಓದಿ ಹೇಳುತ್ತಾನೆ, ನಾವು ಒಪ್ಪಿಗೆಯ ಗುಂಡಿ ಒತ್ತುತ್ತೇವೆ. ಪ್ರತಿ ಭಾನುವಾರ, ಕಾಫಿಯಾದ ಮೇಲೆ.