ಪೂರ್ವಪಕ್ಷವನ್ನು ಅರಿಯುವ ಬಗೆ

ಭಿನ್ನಾಭಿಪ್ರಾಯವಿಲ್ಲದ ಸಭೆಯೂ ಇಲ್ಲ, ಕಚೇರಿಯೂ ಇಲ್ಲ, ಮನೆಯೂ ಇಲ್ಲ. ಅಭಿಪ್ರಾಯಗಳು ಬೇರೆಯಾಗುವುದನ್ನು ನಾವು ದೋಷವೆಂದು ಎಣಿಸುವುದಿಲ್ಲ. ಆ ಭೇದವು ವ್ಯಕ್ತಿದ್ವೇಷವಾಗಿ ಪರಿಣಮಿಸುವುದೇ ದೋಷವು. ಸಿದ್ಧಾಂತವನ್ನು ಸ್ಥಾಪಿಸುವ ಮೊದಲು ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ಮಂಡಿಸತಕ್ಕದ್ದೆಂಬುದು ನಮ್ಮ ಶಾಸ್ತ್ರಕಾರರ ಕ್ರಮವಾಗಿತ್ತು. ಆ ಕ್ರಮವು ಗ್ರಂಥಗಳಲ್ಲಿ ಉಳಿದಿದೆ, ನಡೆವಳಿಕೆಯಲ್ಲಿ ಅಪರೂಪವಾಗಿದೆ.

ಸಾರ್ವಜನಿಕ ಜೀವನದಲ್ಲಿ ಅದು ಹೇಗೆ ನಡೆಯಬಲ್ಲುದೆಂಬುದಕ್ಕೆ 1934ರ ಒಂದು ಪ್ರಸಂಗವನ್ನು ವಾಚಕರ ಮುಂದಿಡುತ್ತೇವೆ. ಆ ವರ್ಷದ ಜನವರಿ 15ರಂದು ಬಿಹಾರದಲ್ಲಿ ಭೂಕಂಪವಾಗಿ ಸಾವಿರಾರು ಜನರು ಮಡಿದರು. ಅಸ್ಪೃಶ್ಯತಾನಿವಾರಣೆಗಾಗಿ ದಕ್ಷಿಣದಲ್ಲಿ ಸಂಚರಿಸುತ್ತಿದ್ದ ಮಹಾತ್ಮಾ ಗಾಂಧಿಯವರು, ಈ ಉತ್ಪಾತವು ಅಸ್ಪೃಶ್ಯತೆಯೆಂಬ ಪಾಪಕ್ಕೆ ದೈವವು ವಿಧಿಸಿದ ದಂಡನೆಯೆಂದು ನುಡಿದರು. ರವೀಂದ್ರನಾಥ ಠಾಕೂರರಿಗೆ ಈ ಮಾತು ಸಹ್ಯವಾಗಲಿಲ್ಲ. ಅಸ್ಪೃಶ್ಯತೆಯನ್ನು ಅವರೂ ಖಂಡಿಸುತ್ತಿದ್ದರು. ಆದರೆ ಭೌತಿಕ ಘಟನೆಗೆ ಭೌತಿಕ ಕಾರಣವೇ ಇರುವುದೆಂದೂ, ಜನರಲ್ಲಿ ಬೇರೂರಿದ ಅವಿಚಾರಕ್ಕೆ ಮಹಾತ್ಮರ ಮಾತಿನಿಂದ ಪುಷ್ಟಿ ದೊರೆಯಬಾರದೆಂದೂ ಅವರ ವಾದವಾಗಿತ್ತು.

ಆಗ ಕವಿಗಳು ಮಾಡಿದುದೇನು? ವರದಿಯನ್ನು ಕಂಡೊಡನೆ ಖಂಡನೆಯನ್ನು ಪ್ರಕಟಿಸಲಿಲ್ಲ. ಆ ಮಾತು ನಿಜವಾಗಿಯೂ ಅವರದೇ ಎಂದು ಗಾಂಧಿಯವರಿಗೇ ಬರೆದು ವಿಚಾರಿಸಿದರು. ಖಂಡನಲೇಖವನ್ನೂ ಅವರಿಗೇ ಕಳುಹಿಸಿದರು. ಗಾಂಧಿಯವರು ಮಾತನ್ನು ಅಲ್ಲಗಳೆಯಲಿಲ್ಲ. ಲೇಖವನ್ನು ಮುಚ್ಚಿಡಲೂ ಇಲ್ಲ. ಫೆಬ್ರವರಿ 16ರ ತಮ್ಮ ‘ಹರಿಜನ’ ಪತ್ರಿಕೆಯಲ್ಲಿಯೇ ಅದನ್ನು ಅಚ್ಚು ಹಾಕಿಸಿ, ತಮ್ಮ ಉತ್ತರವನ್ನೂ ಕೊಟ್ಟರು. ಇಬ್ಬರೂ ತಮ್ಮ ನಿಲುವನ್ನು ಬಿಡಲಿಲ್ಲ. 1921ರಲ್ಲಿ ಅಸಹಕಾರದ ವಿಷಯವಾಗಿಯೂ 1925ರಲ್ಲಿ ಚರಕದ ವಿಷಯವಾಗಿಯೂ ಅವರು ಹೀಗೆಯೇ ಬಹಿರಂಗವಾಗಿ ವಾದಿಸಿದ್ದರು. ಆದರೂ 1932ರ ಸೆಪ್ಟೆಂಬರಿನಲ್ಲಿ ಯರವಡಾ ಸೆರೆಮನೆಯಲ್ಲಿ ಗಾಂಧಿಯವರ ಉಪವಾಸವು ಮುಗಿದಾಗ ಕವಿಗಳು ಬಳಿಯಲ್ಲಿದ್ದರು. 1936ರಲ್ಲಿ ವಿಶ್ವಭಾರತಿಯು ಹಣದ ಮುಗ್ಗಟ್ಟಿಗೆ ಸಿಕ್ಕಿದಾಗ 60,000 ರೂಪಾಯಿಗಳನ್ನು ದೊರಕಿಸಿಕೊಟ್ಟವರು ಗಾಂಧಿಯವರು.

ಎದುರು ಪಕ್ಷವನ್ನು ಅರಿಯುವುದೆಂದರೆ ಸತ್ಯಾಸತ್ಯಗಳನ್ನು ಸಮಗೊಳಿಸುವುದಲ್ಲ. ಭೂಕಂಪದ ವಿಷಯದಲ್ಲಿ ಕವಿಗಳ ಪಕ್ಷವೇ ಸರಿಯೆಂದು ನಾವು ಸಂಕೋಚವಿಲ್ಲದೆ ಹೇಳುತ್ತೇವೆ. ಆದರೆ ಸರಿಯಾದ ಪಕ್ಷವನ್ನು ಹಿಡಿದವನಿಗೂ, ಇದಿರಾಳಿಯು ನಿಜವಾಗಿ ಏನು ಹೇಳಿದನೆಂದು ಕೇಳಿ ತಿಳಿಯುವ ಹೊಣೆಯು ತಪ್ಪಿದ್ದಲ್ಲ.

ಇದಿರಾಳಿಯನ್ನು ಅರಿತರೆ ಸಾಲದು. ತನ್ನ ಸ್ವಭಾವವನ್ನೂ ಅರಿಯಬೇಕು. ಕೆಲವರು ಹಟ ಹಿಡಿದು ಗೆಲ್ಲುವರು, ಕೆಲವರು ತಲೆಬಾಗುವರು, ಕೆಲವರು ವಾದದಿಂದಲೇ ತಪ್ಪಿಸಿಕೊಳ್ಳುವರು, ಕೆಲವರು ಅರ್ಧಕ್ಕೆ ರಾಜಿಯಾಗುವರು, ಕೆಲವರು ಮಾತ್ರ ಇಬ್ಬರಿಗೂ ನಿಜವಾಗಿ ಬೇಕಾದುದೇನೆಂದು ಶೋಧಿಸುವರು. ಇವೆಲ್ಲಕ್ಕೂ ಸಮಯವುಂಟು. ಊರಿಗೆ ನೀರು ನುಗ್ಗುವಾಗ ಚರ್ಚೆಗಿಂತ ಆಜ್ಞೆಯೇ ಮೇಲು; ಕ್ಷುಲ್ಲಕ ವಿಷಯದಲ್ಲಿ ಬಿಟ್ಟುಕೊಡುವುದೇ ಜಾಣತನ. ಆದರೆ ಎಲ್ಲ ಸಂದರ್ಭಗಳಲ್ಲಿಯೂ ಒಂದೇ ಬಗೆಯನ್ನು ಅನುಸರಿಸುವವನು ವಿವೇಕಕ್ಕೆ ಬದಲಾಗಿ ರೂಢಿಗೆ ದಾಸನಾಗಿರುತ್ತಾನೆ. ಮೇಲಧಿಕಾರಿಯು ಸದಾ ಹಟ ಹಿಡಿದರೆ ಕೈಕೆಳಗಿನವರು ಮೌನ ತಾಳುವರು. ಮೌನದಿಂದ ತಪ್ಪು ಲೆಕ್ಕವು ಸರಿಯಾಗುವುದಿಲ್ಲ. ಅದರ ನಷ್ಟವನ್ನು ಹೊರತಕ್ಕವರು ಆ ಕಚೇರಿಯ ಬಾಗಿಲಲ್ಲಿ ಕಾದು ನಿಂತ ಜನರು.

ಆದುದರಿಂದ ಮುಂದಿನ ಸಭೆಯಲ್ಲಿ ಉತ್ತರ ಕೊಡಲು ಏಳುವ ಮೊದಲು, ಇದಿರಾಳಿಯ ಮಾತನ್ನು ಅವನೇ ಹೌದೆನ್ನುವಂತೆ ಒಮ್ಮೆ ಹೇಳಿ ನೋಡಬೇಕೆಂದು ನಮ್ಮ ವಾಚಕರಲ್ಲಿ ಬಿನ್ನವಿಸುತ್ತೇವೆ. ಅಷ್ಟನ್ನು ಮಾಡಲಾರದವನು ಖಂಡನೆಗೆ ಇನ್ನೂ ಅರ್ಹನಾಗಿಲ್ಲ.