ಒಂದೇ ಕೊರಳು, ನಾಲ್ಕು ಪದರ

ಅಣ್ಣನ ಮಗಳು ತಾನೇ ರಾಗ ಹಾಕಿದ ಒಂದು ಭಾವಗೀತೆಯನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದ್ದಳು. ಪಲ್ಲವಿಯನ್ನು ಗುಂಪು ಹಾಡಿದ ಹಾಗೆ ಕೇಳಿಸಬೇಕೆಂಬ ಆಸೆ ಅವಳದು. ಜೊತೆಗೊಂದು ಪ್ರಶ್ನೆಯೂ ಬಂದಿತ್ತು: “ಅತ್ತೆ, ನಾಲ್ಕು ಸಲ ಹಾಕಿದೀನಿ. ಆದ್ರೂ ಒಬ್ಳೇ ಹಾಡಿದ ಹಾಗಿದೆ. ಯಾಕೆ?” ಮೊಬೈಲ್ ಹಿಡಿದು ಹಾಡು ಕಟ್ಟಲು ಕೂತ ಹಲವರು ನನ್ನನ್ನು ಹೀಗೆ ಕೇಳಿದ್ದಾರೆ. ಅವರ ಕೊರಳಿನಲ್ಲಿ ಕೊರತೆಯಿಲ್ಲ. ಯಾರೋ ಹೇಳಿದ, ಎಲ್ಲೋ ಕೇಳಿದ ಕೆಲವು ತಪ್ಪು ನಂಬಿಕೆಗಳು ಅವರ ಕೈ ಕಟ್ಟಿಹಾಕಿವೆ.

“ಒಂದು ಸಲ ಹಾಡಿ ಕಾಪಿ ಮಾಡಿದರೆ ಸಾಕು, ಅದು ಕೋರಸ್ ಆಗುತ್ತದೆ”

ಇಲ್ಲ. ಅವಳು ಮಾಡಿದ್ದೂ ಇದನ್ನೇ. ಒಂದೇ ಟೇಕನ್ನು ಎರಡು ಟ್ರ್ಯಾಕ್‌ಗಳಲ್ಲಿ ಕೂರಿಸಿದರೆ ಸದ್ದು ಸುಮಾರು 6 ಡೆಸಿಬಲ್ ಏರುತ್ತದೆ, ಅಷ್ಟೇ. ವಾಲ್ಯೂಮ್ ಹೆಚ್ಚಿಸಿದ್ದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಕಾಪಿಯನ್ನು ಕೆಲವೇ ಮಿಲಿಸೆಕೆಂಡ್ ಪಕ್ಕಕ್ಕೆ ಸರಿಸಿದರೆ ಕೆಲವು ಕಂಪನಗಳು ಒಂದನ್ನೊಂದು ಅಳಿಸಿ, ಕೆಲವು ಒಂದಕ್ಕೊಂದು ಸೇರಿ, ದನಿ ತಗಡಿನ ಕೊಳವೆಯೊಳಗಿಂದ ಬಂದಂತಾಗುತ್ತದೆ.

ಇಬ್ಬರು ಹಾಡಿದಂತೆ ಕಿವಿಗೆ ಅನಿಸುವುದು ವ್ಯತ್ಯಾಸದಿಂದ. ಎರಡನೇ ಸಲ ಹಾಡಿದಾಗ ಸ್ವರ ಕೂದಲೆಳೆಯಷ್ಟು ಬೇರೆಯಾಗಿರುತ್ತದೆ, ದೀರ್ಘಾಕ್ಷರ ಒಂದಿಷ್ಟು ಹೆಚ್ಚು ನಿಲ್ಲುತ್ತದೆ, ಉಸಿರು ಬೇರೆ ಕಡೆ ಬೀಳುತ್ತದೆ. ಆದ್ದರಿಂದ ಪ್ರತಿ ಪದರವನ್ನೂ ಹೊಸದಾಗಿ ಹಾಡಲೇಬೇಕು. ಅಮೆರಿಕದ ಲೆಸ್ ಪಾಲ್ ಮತ್ತು ಮೇರಿ ಫೋರ್ಡ್ ದಂಪತಿ 1951ರಲ್ಲಿ ‘ಹೌ ಹೈ ದ ಮೂನ್’ ಹಾಡಿಗೆ ಹೀಗೇ ದುಡಿದರು. ಮೇರಿಯ ಒಂದೇ ಕೊರಳು ಅಲ್ಲಿ ಹಲವು ದನಿಗಳಾಗಿ ಕೇಳಿಸುತ್ತದೆ. ಹಳೆಯ ಪದರದ ಜೊತೆ ಹೊಸದನ್ನು ಬೆರೆಸಿ ಮತ್ತೆ ಅದೇ ಟೇಪಿಗೆ ಇಳಿಸುವ ವಿಧಾನ ಅವರದು. ಕೊನೆಯ ಪದರದಲ್ಲಿ ತಪ್ಪಿದರೆ ಮೊದಲಿನಿಂದ ಎಲ್ಲವನ್ನೂ ಹಾಡಬೇಕಿತ್ತು. 1966ರಲ್ಲಿ ಲಂಡನ್ನಿನ ಇಎಂಐ ಸ್ಟುಡಿಯೋದ ಎಂಜಿನಿಯರ್ ಕೆನ್ ಟೌನ್ಸೆಂಡ್, ಎರಡೆರಡು ಸಲ ಹಾಡುವ ಶ್ರಮದಿಂದ ಬೀಟಲ್ಸ್ ತಂಡವನ್ನು ಪಾರುಮಾಡಲು ಯಂತ್ರದಿಂದಲೇ ಎರಡನೇ ದನಿ ಹುಟ್ಟಿಸಿದರು. ಅದಕ್ಕೂ ಬರೀ ನಕಲು ಸಾಲಲಿಲ್ಲ. ಎರಡನೇ ಟೇಪ್ ಯಂತ್ರದ ವೇಗವನ್ನು ಚೂರು ಚೂರು ಏರಿಳಿಸಿ, ಮನುಷ್ಯರ ಹಾಡಿನಲ್ಲಿರುವ ಅಲುಗಾಟವನ್ನು ತರಬೇಕಾಯಿತು.

ಕನ್ನಡದಲ್ಲಿ ಪದರ ಹಾಡುವವರು ಒತ್ತಕ್ಷರದ ಕಡೆ ಹೆಚ್ಚು ಗಮನ ಕೊಡಬೇಕು. ನಮ್ಮ ಪದಗಳು ಬಹುಪಾಲು ಸ್ವರದಲ್ಲೇ ಮುಗಿಯುವುದರಿಂದ ಸಾಲಿನ ಕೊನೆ ಕೂಡಿಸುವುದು ಸುಲಭ. ತೊಡಕು ‘ಹಕ್ಕಿ’, ‘ಕತ್ತಲೆ’, ‘ಬೆಟ್ಟ’ ಇಂಥ ಕಡೆ. ನಾಲ್ಕು ಪದರಗಳ ‘ಟ್ಟ’ ನಾಲ್ಕು ಗಳಿಗೆಯಲ್ಲಿ ಬಿದ್ದರೆ ಉಗ್ಗಿದಂತೆ ಕೇಳುತ್ತದೆ. ‘ಸ’, ‘ಶ’ಗಳೂ ಹಾಗೇ, ಒಂದರ ಹಿಂದೊಂದು ಬುಸುಗುಡುತ್ತವೆ. ಮುಖ್ಯ ದನಿಯಲ್ಲಿ ಅಕ್ಷರ ಸ್ಪಷ್ಟವಾಗಿರಲಿ. ಉಳಿದ ಪದರಗಳಲ್ಲಿ ವ್ಯಂಜನವನ್ನು ಮೃದುವಾಗಿ ಮುಟ್ಟಿ ಸ್ವರವನ್ನಷ್ಟೇ ತುಂಬಿ ಹಾಡಿ. ಇಷ್ಟು ಹೇಳಿದ್ದಕ್ಕೇ ಅಣ್ಣನ ಮಗಳ ಪಲ್ಲವಿ ಅರ್ಧ ಸರಿಹೋಯಿತು.

“ಆ್ಯಪ್‌ನಲ್ಲಿ ಹಾರ್ಮನಿ ಬಟನ್ ಇದೆ, ಅದೇ ಹೊಂದುವ ಸ್ವರ ಹಾಕುತ್ತದೆ”

ಹಾಕುತ್ತದೆ, ಆದರೆ ಅದಕ್ಕೆ ರಾಗ ಗೊತ್ತಿಲ್ಲ. ಮೋಹನದಲ್ಲಿ ಒಂದು ಹಾಡಿದೆ ಅಂದುಕೊಳ್ಳಿ. ನೀವು ಮೇಜರ್ ಸ್ಕೇಲ್ ಆರಿಸಿ ಮೂರನೇ ಸ್ವರದ ಹಾರ್ಮನಿ ಕೇಳಿದಿರಿ. ಷಡ್ಜಕ್ಕೆ ಗಾಂಧಾರ, ಗಾಂಧಾರಕ್ಕೆ ಪಂಚಮ, ಧೈವತಕ್ಕೆ ಮೇಲಿನ ಷಡ್ಜ ಬರುತ್ತದೆ, ಚೆನ್ನಾಗಿಯೇ ಇರುತ್ತದೆ. ಆದರೆ ರಿಷಭಕ್ಕೆ ಅದು ಮಧ್ಯಮವನ್ನು ತಂದಿಡುತ್ತದೆ, ಪಂಚಮಕ್ಕೆ ನಿಷಾದವನ್ನು. ಮೋಹನದಲ್ಲಿ ಇವೆರಡಕ್ಕೂ ಜಾಗವೇ ಇಲ್ಲ. ಕೇಳುವವರಿಗೆ ಕಾರಣ ಹೇಳಲು ಬಾರದಿದ್ದರೂ ಏನೋ ಕೆಟ್ಟಿತೆಂದು ತಿಳಿಯುತ್ತದೆ. ರಿಷಭ ಬಂದಾಗ ಪಂಚಮವನ್ನೂ ಪಂಚಮ ಬಂದಾಗ ಮೇಲಿನ ಷಡ್ಜವನ್ನೂ ನೀವೇ ಹಾಡಿದರೆ ರಾಗ ಉಳಿಯುತ್ತದೆ. ಹಾರ್ಮೋನಿಯಂ ಮುಂದಿಟ್ಟುಕೊಂಡು ಹತ್ತು ನಿಮಿಷ ಕೂತರೆ ಆಗುವ ಕೆಲಸ.

“ಶ್ರುತಿ ತಪ್ಪಿದರೆ ಆಟೋಟ್ಯೂನ್ ಸರಿಮಾಡುತ್ತದೆ”

ಆಟೋಟ್ಯೂನ್ 1997ರಲ್ಲಿ ಬಂತು. ಕಟ್ಟಿದವರು ಆ್ಯಂಡಿ ಹಿಲ್ಡೆಬ್ರಾಂಡ್, ಅದಕ್ಕೂ ಮೊದಲು ತೈಲ ನಿಕ್ಷೇಪ ಹುಡುಕುವ ಭೂಕಂಪನ ದತ್ತಾಂಶದ ಮೇಲೆ ಕೆಲಸ ಮಾಡಿದವರು. ಇಂದು ಅದೇ ಬಗೆಯ ಸೌಲಭ್ಯ ಉಚಿತ ಆ್ಯಪ್‌ಗಳಲ್ಲೂ ಇದೆ. ನಾನು ಅದರ ವೈರಿಯಲ್ಲ. ನೇರವಾಗಿ ನಿಂತ ಸ್ವರ ಚೂರು ಜಾರಿದ್ದರೆ ಅದು ನಿಜಕ್ಕೂ ಉಪಕಾರಿ.

ಆದರೆ ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡಿ, ಕೇಳಿದ ದನಿಯನ್ನು ಹತ್ತಿರದ ಭಾಗಕ್ಕೆ ಎಳೆಯುವುದು ಅದರ ಸಾಮಾನ್ಯ ಕ್ರಮ. ನಮ್ಮ ಹಾಡು ಬದುಕುವುದು ಆ ಭಾಗಗಳ ನಡುವೆ. ತೋಡಿ ರಾಗದ ಗಾಂಧಾರ ಒಂದು ಕಡೆ ನಿಲ್ಲುವುದಿಲ್ಲ, ತೂಗಾಡುತ್ತಲೇ ತನ್ನ ರೂಪ ಪಡೆಯುತ್ತದೆ. ಎಳೆಯುವ ವೇಗವನ್ನು ಪೂರ್ತಿ ಏರಿಸಿದರೆ ಆ ಗಮಕ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ. ಸುಗಮ ಸಂಗೀತದ ಸಣ್ಣ ಜಾರುಗಳಿಗೂ ಇದೇ ಗತಿ. ಬಳಸಲೇಬೇಕೆಂದರೆ ವೇಗ ತಗ್ಗಿಸಿ, ಕೆಟ್ಟ ಪದಕ್ಕಷ್ಟೇ ಬಳಸಿ. ಹಳೆಯ ಶ್ರುತಿಪೆಟ್ಟಿಗೆ ಇಟ್ಟುಕೊಂಡು ಹಾಡಿದ್ದರೆ ಇನ್ನೊಂದು ಅಪಾಯವಿದೆ: ಅದರ ಶ್ರುತಿ ಆ್ಯಪ್‌ನ 440 ಹರ್ಟ್ಜ್ ಲೆಕ್ಕಕ್ಕೆ ಕೂಡದಿದ್ದರೆ, ಸರಿಯಾಗಿ ಹಾಡಿದ ಸ್ವರವೂ ಅದಕ್ಕೆ ತಪ್ಪಾಗಿಯೇ ಕಾಣುತ್ತದೆ.

ಪದರಗಳ ವಿಷಯಕ್ಕೆ ಬಂದರೆ, ಗಮಕ ಒಂದೇ ದನಿಯಲ್ಲಿರಲಿ ಎಂಬುದು ನನ್ನ ಅಭಿಪ್ರಾಯ. ನಾಲ್ಕು ಪದರಗಳಲ್ಲೂ ಸ್ವರ ತೂಗಿದರೆ ಯಾವುದರ ತೂಗಾಟವೂ ಕಿವಿಗೆ ನಿಲುಕುವುದಿಲ್ಲ.

“ಮೊಬೈಲ್ ಮೈಕ್ ಕೆಟ್ಟದ್ದು, ದುಬಾರಿ ಮೈಕ್ ಬೇಕೇ ಬೇಕು”

ಮೊದಲು ಕೋಣೆ ನೋಡಿ. ಖಾಲಿ ಗೋಡೆ, ನುಣುಪು ನೆಲ, ಗಾಜಿನ ಕಿಟಕಿ ಇರುವ ಕಡೆ ಎಂಥ ಮೈಕೂ ಗೋಡೆಯ ಮಾರ್ದನಿಯನ್ನೇ ಹಿಡಿಯುತ್ತದೆ. ಒಂದು ಪದರದಲ್ಲಿ ಅದು ಗೊತ್ತಾಗದೆ ಹೋಗಬಹುದು, ನಾಲ್ಕು ಪದರ ಸೇರಿದಾಗ ನಾಲ್ಕು ಪಟ್ಟು ಕೋಣೆ ಸೇರುತ್ತದೆ. ಫ್ಯಾನಿನ ಸದ್ದೂ ಹಾಗೇ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು ಅದರ ಕಡೆ ಮುಖ ಮಾಡಿ ಹಾಡಿ, ಬೆನ್ನ ಹಿಂದೆ ದಪ್ಪ ಕಂಬಳಿ ಇಳಿಬಿಡಿ. ಫೋನು ಬಾಯಿಂದ ಒಂದು ಗೇಣು ದೂರ, ಚೂರು ಓರೆಯಾಗಿರಲಿ. ಆಗ ‘ಪ’, ‘ಬ’ಗಳ ಗಾಳಿ ನೇರ ಮೈಕಿಗೆ ಬಡಿಯುವುದಿಲ್ಲ. ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ. ಫೋನಿನಿಂದ ಏನಾಗುತ್ತದೆ ಎನ್ನಬೇಡಿ: ಸ್ಟೀವ್ ಲೇಸಿ ಎಂಬ ಅಮೆರಿಕದ ತರುಣ ಐಫೋನಿನ ಗ್ಯಾರೇಜ್‌ಬ್ಯಾಂಡ್ ಆ್ಯಪ್‌ನಲ್ಲೇ ಹಾಡು ಕಟ್ಟುತ್ತ ಬೆಳೆದವನು. 2017ರಲ್ಲಿ ಬಂದ, ರಾಪ್ ಗಾಯಕ ಕೆಂಡ್ರಿಕ್ ಲಮಾರ್ ಅವರ ‘ಪ್ರೈಡ್’ ಹಾಡಿನ ಬುನಾದಿಯನ್ನೂ ಅವನು ಫೋನಿನಲ್ಲೇ ಹಾಕಿದ. ಒಳ್ಳೆಯ ಮೈಕ್ ಬೇಡವೆಂದು ನಾನು ಹೇಳುತ್ತಿಲ್ಲ. ಕಂಬಳಿ ಕಟ್ಟಿದ ಮೇಲೆ ಕೊಳ್ಳಿ.

“ಬ್ಲೂಟೂತ್ ಇಯರ್‌ಬಡ್ ಹಾಕಿಕೊಂಡರೆ ಆಯಿತು”

ಪದರ ಹಾಡುವಾಗ ಇದು ದೊಡ್ಡ ತೊಡಕು. ಬ್ಲೂಟೂತ್‌ನಲ್ಲಿ ಸದ್ದು ಕಿವಿ ಸೇರಲು 200 ಮಿಲಿಸೆಕೆಂಡ್‌ವರೆಗೂ ತಡವಾಗುವುದು ಸಾಮಾನ್ಯ. ಅಷ್ಟು ಹೊತ್ತಿನಲ್ಲಿ ಶಬ್ದ ಗಾಳಿಯಲ್ಲಿ ಅರವತ್ತು ಮೀಟರಿಗಿಂತ ಹೆಚ್ಚು ಸಾಗುತ್ತದೆ. ಅಷ್ಟು ದೂರ ನಿಂತ ಮೃದಂಗದ ಜೊತೆ ತಾಳ ಹಿಡಿಯಲು ಆಗುತ್ತದೆಯೇ? ನಿಮಿಷಕ್ಕೆ 75 ಎಣಿಕೆಯ ಆದಿತಾಳದಲ್ಲಿ ಅದು ಒಂದು ಅಕ್ಷರದ ಕಾಲು ಭಾಗ. ತಾಳ ತಪ್ಪುತ್ತಿದೆ ಎಂದು ತಮ್ಮನ್ನೇ ಬೈದುಕೊಂಡ ಹಲವರ ನಿಜವಾದ ಸಮಸ್ಯೆ ಇಯರ್‌ಬಡ್ ಆಗಿತ್ತು. ಇಯರ್‌ಬಡ್‌ನ ಮೈಕನ್ನೂ ಬಳಸಿದರೆ ಸಂಪರ್ಕ ಫೋನ್ ಕರೆಯ ರೀತಿಗೆ ಬದಲಾಗಿ ದನಿಯ ಮೇಲಿನ ಹೊಳಪು ಹೊರಟುಹೋಗುವುದೇ ಹೆಚ್ಚು. ವೈರ್ ಇರುವ ಸಾದಾ ಇಯರ್‌ಫೋನ್ ಸಾಕು. ಆದರೆ ಸ್ಪೀಕರ್‌ನಲ್ಲಿ ಕೇಳುತ್ತ ಹಾಡಬೇಡಿ, ಹಳೆಯ ಪದರ ಹೊಸದರೊಳಗೆ ನುಸುಳುತ್ತದೆ.

“ಮೀಟರ್ ಕೆಂಪು ಮುಟ್ಟುವಷ್ಟು ಜೋರಾಗಿ ಹಾಡಬೇಕು”

ಬೇಡ. ಕೆಂಪು ಮುಟ್ಟಿ ಒಡೆದ ದನಿ ಮತ್ತೆ ಕೂಡುವುದಿಲ್ಲ. ಜೋರಾದ ಸಾಲು ಮೈನಸ್ 12ರಿಂದ ಮೈನಸ್ 6 ಡೆಸಿಬಲ್‌ಗಳ ನಡುವೆ ಬಂದರೆ ಸಾಕು.

“ಪದರ ಹೆಚ್ಚಿದಷ್ಟೂ ಹಾಡು ತುಂಬಿಕೊಳ್ಳುತ್ತದೆ”

ಗ್ಯಾರೇಜ್‌ಬ್ಯಾಂಡ್ ಫೋನಿನಲ್ಲೂ 32 ಟ್ರ್ಯಾಕ್ ಕೊಡುತ್ತದೆ. ಅಷ್ಟನ್ನೂ ತುಂಬಿದರೆ ಸಾಹಿತ್ಯ ಮುಳುಗುತ್ತದೆ. ಭಾವಗೀತೆಯಲ್ಲಿ ಸಾಹಿತ್ಯ ಮುಳುಗಿದ ಮೇಲೆ ಉಳಿಯುವುದೇನು? ಮುಖ್ಯ ದನಿ ನಡುವೆ ಇರಲಿ. ಎರಡು ಪದರಗಳನ್ನು ಎಡಕ್ಕೂ ಬಲಕ್ಕೂ ಸರಿಸಿ, ಮುಖ್ಯ ದನಿಗಿಂತ ಸಾಕಷ್ಟು ತಗ್ಗಿಸಿ. ಅವುಗಳ ಕೆಳಗಿನ ಗುಂಯ್‌ಗುಡುವಿಕೆಯನ್ನು ಈಕ್ವಲೈಜರ್‌ನಿಂದ ಕತ್ತರಿಸಿ. ಪದರಗಳನ್ನು ಮ್ಯೂಟ್ ಮಾಡಿದರೆ ಹಾಡು ಕೊಂಚ ಬಡವಾದಂತೆ ಅನಿಸಬೇಕು, ಹಾಕಿದಾಗ ಪದರಗಳೇ ಎದ್ದು ಕೇಳಬಾರದು. ಅಷ್ಟಕ್ಕೆ ನಿಲ್ಲಿಸಿ.

ಅಣ್ಣನ ಮಗಳು ಕಾಪಿ ಮಾಡಿದ್ದನ್ನೆಲ್ಲ ಅಳಿಸಿ ಪಲ್ಲವಿಯನ್ನು ಮತ್ತೆ ಮೂರು ಸಲ ಹಾಡಿದಳು. ಚರಣದ ಮೊದಲ ಸಾಲಿಗೆ ಬಂದಾಗ ಪದರಗಳೆಲ್ಲ ಸರಿದು ಅವಳ ಒಂದೇ ದನಿ ಉಳಿಯುತ್ತದೆ. ಅದಕ್ಕೂ ಮೊದಲು ಅವಳು ಎಳೆದುಕೊಳ್ಳುವ ಉಸಿರೂ ಕೇಳುತ್ತದೆ. “ಇದನ್ನ ಕಟ್ ಮಾಡ್ಲಾ ಅತ್ತೆ?” ಎಂದು ಕೇಳಿದಳು. ಬೇಡ, ಇರಲಿ ಎಂದೆ.