ಹತ್ತು ಷೇರಿನವರ ಮತಕ್ಕೆ ಬೆಲೆಯಿಲ್ಲವೇ?

ಕಂಪನಿಯ ವಾರ್ಷಿಕ ಮಹಾಸಭೆ ಎಂದರೆ ಮುಂಬೈಯ ಹಳೆಯ ಹೂಡಿಕೆದಾರರಿಗೆ ನೆನಪಾಗುವುದು ಮರೀನ್ ಲೈನ್ಸ್‌ನ ಬಿರ್ಲಾ ಮಾತುಶ್ರೀ ಸಭಾಗೃಹದಂಥ ಜಾಗ: ವೇದಿಕೆಯ ಮೇಲೆ ಅಧ್ಯಕ್ಷರು, ಮೈಕಿನ ಮುಂದೆ ಸರದಿ, ಹೊಗಳಿಕೆ, ನಡುನಡುವೆ ಖಾರದ ಒಂದೆರಡು ಪ್ರಶ್ನೆ, ಕೊನೆಗೆ ಕೈಯೆತ್ತಿ ಸಮ್ಮತಿ. ಇದರಿಂದ ಎರಡು ನಂಬಿಕೆ ಬೇರೂರಿವೆ. ನಿರ್ಧಾರ ಆಗುವುದು ಆ ಸಭಾಂಗಣದಲ್ಲಿ ಎಂಬುದು ಒಂದು. ಅಲ್ಲಿ ಪ್ರವರ್ತಕರು ಹೇಳಿದ್ದೇ ನಡೆಯುವುದರಿಂದ ಹತ್ತಿಪ್ಪತ್ತು ಷೇರಿನವರು ಮತ ಹಾಕಿದರೂ ದಂಡ ಎಂಬುದು ಇನ್ನೊಂದು. ಮೊದಲನೆಯದು ಪೂರ್ತಿ ತಪ್ಪು. ಎರಡನೆಯದರಲ್ಲಿ ಅರ್ಧ ನಿಜವಿದೆ. ಉಳಿದರ್ಧದಿಂದ ಆಗುತ್ತಿರುವ ನಷ್ಟ ದೊಡ್ಡದು.

ಸಭಾಂಗಣದ ವಿಷಯ ಬೇಗ ಮುಗಿಯುತ್ತದೆ. 2013ರ ಕಂಪನಿ ಕಾಯ್ದೆ ಬಂದ ಮೇಲೆ ಷೇರುಪೇಟೆಯಲ್ಲಿರುವ ಕಂಪನಿಗಳಲ್ಲಿ ಕೈಯೆತ್ತುವ ಪದ್ಧತಿ ಹೋಗಿ ಇ-ವೋಟಿಂಗ್ ಬಂತು. ಮನೆಯಲ್ಲೇ ಕೂತು ಮತ ಹಾಕಲು ಕನಿಷ್ಠ ಮೂರು ದಿನ ಅವಕಾಶವಿರುತ್ತದೆ. ಸಭೆಯ ಹಿಂದಿನ ದಿನ ಸಂಜೆ 5 ಗಂಟೆಗೆ ಅದು ಮುಚ್ಚುತ್ತದೆ. ಹಾಗೆ ಮತ ಹಾಕಿದವರು ಸಭೆಗೆ ಬಂದು ಮಾತಾಡಬಹುದು, ಮತ್ತೆ ಮತ ಹಾಕುವಂತಿಲ್ಲ. ಹಾಕದೆ ಬಂದವರಿಗೆ ಮಾತ್ರ ಅಲ್ಲಿ ಅವಕಾಶ. ಎಂದರೆ ಅಧ್ಯಕ್ಷರು ಮೈಕು ಹಿಡಿಯುವ ಹೊತ್ತಿಗೆ ಬಹುಪಾಲು ಮತಗಳು ಬಿದ್ದಾಗಿರುತ್ತವೆ.

ಎರಡನೆಯ ನಂಬಿಕೆಯ ಬೇರು ಎಲ್ಲಿದೆ ಎಂದು ನೋಡಿದರೆ, ನಮ್ಮವರ ಸಹಕಾರಿ ಅನುಭವದಲ್ಲೇ ಇದೆ ಎಂದು ನನಗನ್ನಿಸುತ್ತದೆ. 1906ರಲ್ಲಿ ಚಿತ್ರಾಪುರ ಸಾರಸ್ವತರು ಈ ನಗರದಲ್ಲಿ ಕಟ್ಟಿದ ಶಾಮರಾವ್ ವಿಠಲ್ ಸಂಸ್ಥೆ, ಬಿಲ್ಲವರ ಸಂಘದಿಂದ ಹುಟ್ಟಿದ ಭಾರತ್ ಬ್ಯಾಂಕ್, ಉಪನಗರಗಳ ಹೌಸಿಂಗ್ ಸೊಸೈಟಿಗಳು, ಎಲ್ಲ ಕಡೆ ಒಬ್ಬ ಸದಸ್ಯನಿಗೆ ಒಂದೇ ಮತ, ಅವನ ಷೇರು ಎಷ್ಟೇ ಇರಲಿ. ಅದೇ ಲೆಕ್ಕವನ್ನು ಕಂಪನಿಗೂ ಹಚ್ಚಿದವರಿಗೆ ನಿರಾಸೆ ಖಚಿತ. ಕಂಪನಿಯಲ್ಲಿ ಮತ ಇರುವುದು ಮನುಷ್ಯನಿಗಲ್ಲ, ಷೇರಿಗೆ. ಸೈರಸ್ ಮಿಸ್ತ್ರಿ ಅವರನ್ನು ನಿರ್ದೇಶಕ ಸ್ಥಾನದಿಂದ ತೆಗೆಯಲು ಟಿಸಿಎಸ್ 2016ರ ಡಿಸೆಂಬರ್ 13ರಂದು ಮುಂಬೈಯಲ್ಲಿ ಸಭೆ ಕರೆದಾಗ ಬೇಕಿದ್ದದ್ದು ಅರ್ಧಕ್ಕಿಂತ ಹೆಚ್ಚು ಮತ. ಟಾಟಾ ಸನ್ಸ್ ಒಂದರ ಕೈಯಲ್ಲೇ ಶೇ 73ರಷ್ಟು ಷೇರು ಇತ್ತು. ನಿರ್ಣಯ ಶೇ 93.11 ಮತಗಳಿಂದ ಗೆದ್ದಿತು. ಅಲ್ಲಿ ಚಿಲ್ಲರೆ ಹೂಡಿಕೆದಾರರೆಲ್ಲ ಒಟ್ಟಾಗಿ ನಿಂತಿದ್ದರೂ ಫಲಿತಾಂಶ ಬದಲಾಗುತ್ತಿರಲಿಲ್ಲ.

ಆದರೆ ಎಲ್ಲ ನಿರ್ಣಯವೂ ಆ ಜಾತಿಯದಲ್ಲ. ವಿಶೇಷ ನಿರ್ಣಯಕ್ಕೆ ಬೀಳುವ ಪರ ಮತಗಳು ವಿರುದ್ಧ ಮತಗಳ ಮೂರು ಪಟ್ಟಾದರೂ ಇರಬೇಕು. ಇಲ್ಲಿ ಗಮನಿಸಬೇಕಾದದ್ದು, ಲೆಕ್ಕಕ್ಕೆ ಬರುವುದು ಚಲಾವಣೆಯಾದ ಮತಗಳು ಮಾತ್ರ, ಕಂಪನಿಯ ಒಟ್ಟು ಷೇರುಗಳಲ್ಲ. ಮತ ಹಾಕದೆ ಇರುವುದು ಪ್ರತಿಭಟನೆ ಎಂದು ತಿಳಿದವರ ಷೇರು ಎಣಿಕೆಯಲ್ಲೇ ಇರುವುದಿಲ್ಲ. 2018ರ ಜುಲೈಯಲ್ಲಿ ಎಚ್‌ಡಿಎಫ್‌ಸಿಯಲ್ಲಿ ದೀಪಕ್ ಪಾರೇಖ್ ಅವರ ಮರುನೇಮಕಕ್ಕೆ ಬಿದ್ದ ಪರ ಮತ ಶೇ 77.36, ಬೇಕಿದ್ದದ್ದು 75. ದೇಶದಲ್ಲೇ ಅಷ್ಟು ಗೌರವವಿದ್ದ ಅಧ್ಯಕ್ಷರಿಗೂ ಅಂತರ ಎರಡು ಚಿಲ್ಲರೆ ಅಂಶ!

ಇನ್ನೂ ಗಟ್ಟಿಯಾದ ಉದಾಹರಣೆ ಬ್ರೀಚ್ ಕ್ಯಾಂಡಿಯದು. ಭೂಲಾಭಾಯಿ ದೇಸಾಯಿ ರಸ್ತೆಯ ಜೆಕೆ ಹೌಸ್‌ನ ಡುಪ್ಲೆಕ್ಸ್ ಮನೆಗಳನ್ನು ಪ್ರವರ್ತಕ ಕುಟುಂಬದವರಿಗೆ ಚದರಡಿಗೆ 9,200 ರೂಪಾಯಿಯಂತೆ ಕೊಡುವ ಪ್ರಸ್ತಾಪ 2017ರ ಜೂನ್‌ನಲ್ಲಿ ರೇಮಂಡ್ ಕಂಪನಿಯ ಷೇರುದಾರರ ಮುಂದೆ ಬಂತು. ಆ ರಸ್ತೆಯಲ್ಲಿ ಮಾರುಕಟ್ಟೆ ದರ ಅದರ ಎಷ್ಟೋ ಪಟ್ಟು. ಕಂಪನಿಗೂ ಅದರ ಒಡೆಯರಿಗೂ ನಡುವಿನ ಇಂಥ ದೊಡ್ಡ ವ್ಯವಹಾರದಲ್ಲಿ ಲಾಭ ಪಡೆಯುವವರೇ ಪರವಾಗಿ ಮತ ಹಾಕುವಂತಿಲ್ಲ ಎಂದು ಸೆಬಿಯ ನಿಯಮವಿದೆ. ಪ್ರವರ್ತಕರು ಹೊರಗುಳಿದರು. ಬಿದ್ದ ಮತಗಳಲ್ಲಿ ಶೇ 97ಕ್ಕೂ ಹೆಚ್ಚು ವಿರುದ್ಧ, ಪ್ರಸ್ತಾಪ ಬಿದ್ದುಹೋಯಿತು.

ಅಲ್ಲಿ ಸೋಲಿಸಿದ್ದು ಮ್ಯೂಚುವಲ್ ಫಂಡುಗಳೂ ದೊಡ್ಡ ಸಂಸ್ಥೆಗಳೂ ಅಲ್ಲವೇ, ಇದರಲ್ಲಿ ಸಣ್ಣವರದೇನು ಎಂದು ಕೇಳಬಹುದು. ಸಂಸ್ಥೆಗಳ ಮತ ಭಾರವಾದದ್ದು, ನಿಜ. 2022ರ ಏಪ್ರಿಲ್‌ನಿಂದ ಮ್ಯೂಚುವಲ್ ಫಂಡುಗಳು ಎಲ್ಲ ನಿರ್ಣಯಗಳಿಗೂ ಮತ ಹಾಕಲೇಬೇಕೆಂಬ ಕಟ್ಟಳೆಯೂ ಇದೆ. ಆದರೆ ಲೆಕ್ಕ ಹಾಕಿ ನೋಡಿ. ನೂರು ಷೇರಿನ ಕಂಪನಿಯಲ್ಲಿ ಪ್ರವರ್ತಕರದು ಅರವತ್ತು, ನಿಮ್ಮದು ಹತ್ತು ಎನ್ನೋಣ. ಎಲ್ಲರೂ ಮತ ಹಾಕಿದರೆ ನಿಮ್ಮದು ಹತ್ತರಲ್ಲೊಂದು ಪಾಲು. ಪ್ರವರ್ತಕರು ಹೊರಗುಳಿದು, ಉಳಿದ ನಲವತ್ತರಲ್ಲಿ ಇಪ್ಪತ್ತಷ್ಟೇ ಬಿದ್ದರೆ ಅದೇ ಹತ್ತು ಅರ್ಧವಾಗುತ್ತದೆ. ಫಂಡುಗಳು ಕಾಲಿಡದ ಸಣ್ಣ ಕಂಪನಿಗಳೇ ಪೇಟೆಯಲ್ಲಿ ಹೆಚ್ಚು. ಅಲ್ಲಿ ಪ್ರವರ್ತಕರನ್ನು ಬಿಟ್ಟರೆ ಉಳಿಯುವವರು ಚಿಲ್ಲರೆ ಹೂಡಿಕೆದಾರರೇ. ಅವರು ಸುಮ್ಮನಿದ್ದರೆ ಪ್ರವರ್ತಕರ ನಾಲ್ವರು ಸ್ನೇಹಿತರ ಮತವೇ ಬಹುಮತ.

ತಲೆನೋವಿನ ಕೆಲಸ ಎಂಬ ಆಕ್ಷೇಪಕ್ಕೆ ಅಷ್ಟು ಬಲವಿಲ್ಲ. ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್ ಜಾಲತಾಣಕ್ಕೆ ಮೊಬೈಲ್‌ಗೆ ಬರುವ ಒಟಿಪಿಯಿಂದ ಒಳಹೋದರೆ ನಿರ್ಣಯಗಳ ಪಟ್ಟಿ, ಪ್ರತಿಯೊಂದರ ಎದುರು ಪರ, ವಿರುದ್ಧ ಎಂಬ ಗುಂಡಿ. ಒಮ್ಮೆ ಖಚಿತಪಡಿಸಿದರೆ ಬದಲಿಸಲಾಗದು. ಕಷ್ಟವಿರುವುದು ಓದುವುದರಲ್ಲಿ. ನೋಟಿಸಿನ ಹಿಂಭಾಗದಲ್ಲಿ ವಿವರಣಾ ಹೇಳಿಕೆ ಎಂದು ಸಣ್ಣ ಅಕ್ಷರದಲ್ಲಿ ಬರುತ್ತದೆ. ಯಾರಿಗೆ, ಎಷ್ಟು ಬೆಲೆಗೆ, ಯಾವ ಸಂಬಂಧದವರಿಗೆ ಎಂಬುದೆಲ್ಲ ಅಲ್ಲಿರುತ್ತದೆ. ಆ ನೋಟಿಸು ಬರುವುದು ಡಿಮ್ಯಾಟ್ ಖಾತೆಯಲ್ಲಿ ನಮೂದಾದ ಇ-ಮೇಲ್‌ಗೆ. ಎಷ್ಟೋ ಮನೆಗಳಲ್ಲಿ ಅದು ಯಾವಾಗಲೋ ಏಜೆಂಟರು ಬರೆಸಿದ ವಿಳಾಸ, ಇಲ್ಲವೇ ಊರು ಬಿಟ್ಟ ಮಗನದು. ಜಂಟಿ ಖಾತೆಯಾದರೆ ಮತದ ಹಕ್ಕು ಮೊದಲ ಹೆಸರಿನವರದು. ಬ್ರೋಕರ್ ಕಚೇರಿಗೆ ಒಂದು ಅರ್ಜಿ ಕೊಟ್ಟು ಇ-ಮೇಲ್ ಸರಿಪಡಿಸಿಕೊಂಡರೆ ಮುಂದಿನ ಆಗಸ್ಟ್, ಸೆಪ್ಟೆಂಬರ್‌ನ ಮಹಾಸಭೆಗಳ ನೋಟಿಸುಗಳು ಸರಿಯಾದವರ ಕೈಗೆ ಸೇರುತ್ತವೆ.